ಪೊರೆ ಆಪರೇಷನ್ನಿಗೆ ಲೆನ್ಸ್ ಆರಿಸುವಾಗ ನಾನು ನೋಡುವುದೇನು

‘ಯಾವ ಲೆನ್ಸ್ ಒಳ್ಳೇದು ಡಾಕ್ಟ್ರೇ?’ ಎಂದು, ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಲೆನ್ಸಿನ ಬಗ್ಗೆ ಕೇಳಿದರೆ ನಾನು ಬೆಲೆಪಟ್ಟಿ ತೋರಿಸುವುದಿಲ್ಲ. ದಿನವೆಲ್ಲ ಏನು ನೋಡುತ್ತೀರಿ, ಎಷ್ಟು ದೂರದಿಂದ ಎಂದು ಕೇಳುತ್ತೇನೆ. ಹೊಲಿಗೆ, ಪಾರಾಯಣ, ಲೆಕ್ಕದ ಪುಸ್ತಕಕ್ಕೆ 40 ಸೆಂ.ಮೀ.; ಕಂಪ್ಯೂಟರಿಗೆ, ಅಡುಗೆ ಕಟ್ಟೆಗೆ 60–70; ಲಾರಿ ಓಡಿಸುವವರಿಗೆ ದೂರ, ಅದೂ ರಾತ್ರಿ. ಉತ್ತರವನ್ನು ಕೇಸ್ ಶೀಟಿನ ತಲೆಯಲ್ಲೇ ಬರೆದಿಡುತ್ತೇನೆ.

ಆಮೇಲೆ ಅಳತೆ. ಕಣ್ಣಿನ ಉದ್ದದಲ್ಲಿ 1 ಮಿ.ಮೀ. ತಪ್ಪಿದರೆ ಆಪರೇಷನ್ ಆದ ಮೇಲೆ ಕಣ್ಣಿನ ನಂಬರ್ ಸುಮಾರು 2.5 ಡಯಾಪ್ಟರ್ (ನಂಬರಿನ ಅಳತೆ) ತಪ್ಪುತ್ತದೆ. ಆಗ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ವ್ಯರ್ಥ. ಪೊರೆ ತೀರಾ ಬಲಿತಿದ್ದರೆ ಬೆಳಕಿನಿಂದ ಅಳೆಯುವ ಯಂತ್ರ ಸೋಲುತ್ತದೆ, ಅಲ್ಟ್ರಾಸೌಂಡಿನಿಂದ ಅಳೆಯುವ ಎ-ಸ್ಕ್ಯಾನ್ ಬೇಕಾಗುತ್ತದೆ. ಅದರ ಪ್ರೋಬ್ ಕಾರ್ನಿಯಾವನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪರೆ) ಒತ್ತಿದರೆ ಕಣ್ಣು ಗಿಡ್ಡವೆಂದು ತೋರಿ, ಹೆಚ್ಚು ಪವರಿನ ಲೆನ್ಸ್ ಕೂತು, ಮೈನಸ್ ನಂಬರ್ ಉಳಿದುಬಿಡುತ್ತದೆ. ಹಾಗಾಗಿ ಕಣ್ಣಿನ ಮೇಲೆ ದ್ರವ ತುಂಬಿದ ಕಪ್ ಇಟ್ಟು ಅಳೆಯುವ ಇಮ್ಮರ್ಷನ್ ವಿಧಾನವನ್ನೇ ನಂಬುತ್ತೇನೆ. ಎರಡು ಕಣ್ಣುಗಳ ಉದ್ದದಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ಅಂತರ ಕಂಡರೆ ಮತ್ತೊಮ್ಮೆ ಅಳೆಯಬೇಕು. ಕಣ್ಣು ಒಣಗಿದ್ದರೆ ಕಾರ್ನಿಯಾದ ಅಂಕಿಗಳು ಒಂದೊಂದು ಸಲ ಒಂದೊಂದು ಬರುತ್ತವೆ. ಮೊದಲು ಕೆಲವು ವಾರ ಡ್ರಾಪ್ಸ್, ಆಮೇಲೆ ಅಳತೆ. ಹಿಂದೆ ಲೇಸಿಕ್ (ಕನ್ನಡಕದ ನಂಬರ್ ತೆಗೆಯುವ ಲೇಸರ್ ಚಿಕಿತ್ಸೆ) ಆಗಿದೆಯೇ ಎಂದು ತಪ್ಪದೆ ಕೇಳುತ್ತೇನೆ. ಮೈನಸ್ ನಂಬರಿಗೆ ಲೇಸಿಕ್ ಆದವರಿಗೆ ಲೆನ್ಸಿನ ಪವರ್ ಲೆಕ್ಕಕ್ಕೆ ಮಾಮೂಲಿ ಸೂತ್ರ ಹಾಕಿದರೆ ಪ್ಲಸ್ ನಂಬರ್ ಉಳಿಯುತ್ತದೆ.

ಹೆಚ್ಚಿನವರಿಗೆ ಮೊನೊಫೋಕಲ್, ಅಂದರೆ ಒಂದೇ ದೂರಕ್ಕೆ ಹೊಂದಿಸಿದ ಲೆನ್ಸ್, ಸಾಕು. ದೂರಕ್ಕೆ ಸ್ಪಷ್ಟ, ಓದಲು ಸುಮಾರು +2.5ರ ಕನ್ನಡಕ. ಇದನ್ನು ‘ಸಾದಾ ಲೆನ್ಸ್’ ಎಂದು ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ನೇತ್ರತಜ್ಞ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳು ಊರೂರಲ್ಲಿ ಹೆಸರಾಗಿದ್ದ ಕಾಲದಲ್ಲಿ ಪೊರೆ ತೆಗೆಸಿಕೊಂಡವರಿಗೆ, ಕಣ್ಣೊಳಗೆ ಲೆನ್ಸ್ ಇಲ್ಲದ್ದರಿಂದ, +10ರ ಆಸುಪಾಸಿನ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು.

ಕಾರ್ನಿಯಾದ ಸಿಲಿಂಡರ್ (ಅದರ ಬಾಗು ಎಲ್ಲ ಕಡೆ ಸಮನಾಗಿಲ್ಲದ್ದರಿಂದ ಬರುವ ನಂಬರ್) 1 ಡಯಾಪ್ಟರ್ ದಾಟಿದರೆ, ಅದನ್ನು ಸರಿಪಡಿಸುವ ಟೋರಿಕ್ ಲೆನ್ಸ್ ಯೋಚಿಸುತ್ತೇನೆ. ಲೆನ್ಸ್ ತನ್ನ ಅಕ್ಷದಿಂದ 1 ಡಿಗ್ರಿ ತಿರುಗಿದರೆ ಅದರ ಫಲ ಸುಮಾರು 3.3% ಕಡಿಮೆಯಾಗುತ್ತದೆ, 30 ಡಿಗ್ರಿಗೆ ಏನೂ ಉಳಿಯುವುದಿಲ್ಲ. ಮಲಗಿದಾಗ ಕಣ್ಣು ತಾನಾಗಿ ಕೆಲವು ಡಿಗ್ರಿ ತಿರುಗುವುದರಿಂದ ಅಕ್ಷದ ಗುರುತನ್ನು ರೋಗಿಯನ್ನು ಕೂರಿಸಿಯೇ ಹಾಕಬೇಕು, ತಲೆ ನೇರ, ನೋಟ ಎದುರಿಗೆ. ಟೇಬಲ್ಲಿನ ಮೇಲೆ ಲೆನ್ಸನ್ನು ಅಕ್ಷಕ್ಕಿಂತ 10–15 ಡಿಗ್ರಿ ಮೊದಲೇ ನಿಲ್ಲಿಸಿ, ಆಪರೇಷನ್ ವೇಳೆ ಕಣ್ಣೊಳಗೆ ತುಂಬಿದ ಜೆಲ್ಲನ್ನು ಲೆನ್ಸಿನ ಹಿಂಬದಿಯಿಂದ ಪೂರ್ತಿ ಹೀರಿ, ಕೊನೆಗೆ ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ ಕೂರಿಸುತ್ತೇನೆ. ಅಕ್ಷ ದಾಟಿದರೆ ಹಿಂದಕ್ಕೆ ತಿರುಗಿಸುವುದು ಕಷ್ಟ, ಇಡೀ ಸುತ್ತು ಬರಬೇಕಾಗುತ್ತದೆ. ಹಿಂದೆ ಜೆಲ್ ಉಳಿದರೆ ಲೆನ್ಸ್ ಅದೇ ದಿನ ಜಾರುತ್ತದೆ. ಮರುದಿನ ಪಾಪೆ ಹಿಗ್ಗಿಸಿ ಅಕ್ಷ ನೋಡುವುದನ್ನು ಬಿಡಬಾರದು.

ಟ್ರೈಫೋಕಲ್ ಬೆಳಕನ್ನು ದೂರ, ನಡು, ಹತ್ತಿರಕ್ಕೆ ಹಂಚುತ್ತದೆ. ಕನ್ನಡಕದ ಹಂಗು ಬಹುಮಟ್ಟಿಗೆ ತಪ್ಪುತ್ತದೆ; ಆದರೆ ರಾತ್ರಿ ದೀಪಗಳ ಸುತ್ತ ಬಳೆ ಕಾಣುತ್ತದೆ, ಮಬ್ಬಿನಲ್ಲಿ ನೋಟ ಸ್ವಲ್ಪ ಮಸುಕು. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಿಗೆ, ಗ್ಲಾಕೋಮಾದಿಂದ ನೋಟದ ವ್ಯಾಪ್ತಿ ಕುಗ್ಗಿದವರಿಗೆ, ರಾತ್ರಿ ಗಾಡಿ ಓಡಿಸುವವರಿಗೆ ನಾನಿದನ್ನು ಹಾಕುವುದಿಲ್ಲ. ಅದಕ್ಕೇ ಮ್ಯಾಕ್ಯುಲಾದ (ರೆಟಿನಾದ ನಡುಭಾಗ) ಓಸಿಟಿ ಸ್ಕ್ಯಾನ್ ನೋಡದೆ ಈ ಲೆನ್ಸಿನ ಮಾತೆತ್ತುವುದೇ ಇಲ್ಲ. ಸ್ಪಷ್ಟ ನೋಟದ ವ್ಯಾಪ್ತಿಯನ್ನು ದೂರದಿಂದ ನಡುವಿನವರೆಗೆ ಹಿಗ್ಗಿಸುವ ಈಡಾಫ್ ಲೆನ್ಸಿನಲ್ಲಿ ಬಳೆ ಕಡಿಮೆ, ಕಂಪ್ಯೂಟರ್ ದೂರ ಚೆನ್ನ, ಸಣ್ಣ ಅಕ್ಷರಕ್ಕೆ ಮಾತ್ರ ಕನ್ನಡಕ. ಹೆಚ್ಚು ಖರ್ಚು ಬೇಡವೆಂದವರಿಗೆ ಎರಡೂ ಕಡೆ ಮೊನೊಫೋಕಲ್ಲೇ ಇಟ್ಟು, ಪ್ರಧಾನವಲ್ಲದ ಕಣ್ಣನ್ನು −0.75ರಿಂದ −1.25ಕ್ಕೆ ನಿಲ್ಲಿಸಿ ಹತ್ತಿರದ ನೋಟಕ್ಕೆ ಒದಗಿಸುವ ದಾರಿಯಿದೆ.

ಒಂದು ಕಣ್ಣು ಆಗಿ ನಂಬರ್ ನಿಂತ ಮೇಲೆ, ಬಂದ ಫಲ ನೋಡಿ ಎರಡನೆಯದರ ಲೆಕ್ಕ ತಿದ್ದುತ್ತೇನೆ. ಟ್ರೈಫೋಕಲ್ ಹಾಕಿಸಿಕೊಂಡವರು ಮಸುಕೆಂದು ಬಂದರೆ ಯಾಗ್ ಲೇಸರಿಗೆ (ಲೆನ್ಸ್ ಕೂತ ಚೀಲದ ಹಿಂಪರೆ ಮಬ್ಬಾದಾಗ ಅದನ್ನು ತೆರೆಯುವ ಲೇಸರ್) ಆತುರಪಡುವುದಿಲ್ಲ. ಕಣ್ಣಿನ ಒಣಗು, ಉಳಿದ ನಂಬರ್, ರೆಟಿನಾದ ಊತ ಮೊದಲು ನೋಡಬೇಕು. ಚೀಲದ ಹಿಂಪರೆಯನ್ನು ಲೇಸರಿನಿಂದ ತೆರೆದ ಮೇಲೆ ಲೆನ್ಸ್ ಬದಲಾಯಿಸುವುದು ಬಹಳ ಅಪಾಯದ ಕೆಲಸ.