ಜಗಲಿಯ ಬೆಂಚಿಗೆ ಕುಶನ್ ಹಾಕುವ ಮೊದಲು ಟೇಪು ಹಿಡೀರಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೇ ಮನೆಗಳಲ್ಲಿ ಹಲಸಿನ ಮರದ ಒಂದು ಬೆಂಚು, ಅಜ್ಜನ ಕಾಲದ ಒಂದು ಈಸಿ ಚೇರು ಇದ್ದೇ ಇರ್ತದೆ. ನಾವು ಅದನ್ನು ಮೂಲೆಗೆ ತಳ್ಳಿ ಪೇಟೆಯಿಂದ ಸೋಫಾ ತರ್ತೇವೆ. ನಾನೂ ತಂದೆ ಮಾರಾಯ್ರೆ, ಲೆದರ್ ತರಹ ಕಾಣುವ ಪಳಪಳ ಸೋಫಾ, ಮೂರನೇ ಮಳೆಗಾಲಕ್ಕೆ ಅದರ ಚರ್ಮ ಹಪ್ಪಳದ ಹಾಗೆ ಏಳ್ಲಿಕ್ಕೆ ಶುರು, ಕೂತು ಎದ್ದವರ ಪಂಚೆಗೆಲ್ಲ ಕಪ್ಪು ಚೂರು. ಅದು ಪಿಯು ಅಂತ ಹೇಳುವ ಪ್ಲಾಸ್ಟಿಕ್ ಪದರ, ಗಾಳಿಯ ತೇವ ತಾಗಿ ತಾಗಿ ಒಳಗಿಂದಲೇ ಹಾಳಾಗ್ತದೆ, ನಮ್ಮ ಊರಿಗೆ ಹೇಳಿದ್ದಲ್ಲ. ಅದರ ಮೇಲೆ ಅಮ್ಮನಿಗೆ ಆ ಸೋಫಾದಿಂದ ಏಳ್ಲಿಕ್ಕೆ ಇಬ್ಬರು ಬೇಕಿತ್ತು. ಕಡೆಗೆ ಹಳೇ ಬೆಂಚನ್ನೇ ಸರಿ ಮಾಡಿದೆ, ಆಗ ಕಲಿತದ್ದು ಇದೆಲ್ಲ.

ಮೊದಲು ಅಳತೆ. ಮೆತ್ತಗೆ ಇದ್ರೆ ಆರಾಮ ಅಂತ ಎಲ್ಲರೂ ಅಂದ್ಕೊಳ್ತೇವೆ, ಆದ್ರೆ ಸೊಂಟಕ್ಕೆ ಗೊತ್ತಾಗುದು ಎತ್ತರ ಮತ್ತೆ ಆಳ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು, ಮೊಣಕಾಲಿನ ಹಿಂದೆ ಎರಡು ಮೂರು ಬೆರಳು ಜಾಗ ಉಳೀಬೇಕು. ಹೆಚ್ಚಿನವರಿಗೆ ಸೀಟು ನೆಲದಿಂದ 16-17 ಇಂಚು ಸಾಕು, ಮೊಣಕಾಲು ನೋವಿನವರಿಗೆ 18-19 ಇದ್ರೆ ಏಳ್ಲಿಕ್ಕೆ ಸುಲಭ. ನಿಮ್ಮ ಬೆಂಚು ಈಗಾಗಲೇ 17 ಇಂಚು ಇದ್ದು ಅದಕ್ಕೆ 4 ಇಂಚಿನ ಫೋಮ್ ಹಾಕಿದ್ರೆ ಎಂತಾಗ್ತದೆ ಹೇಳಿ, ಕುಳ್ಳಗಿನವರ ಕಾಲು ನೇತಾಡ್ತದೆ. ಅಂಥಾದ್ದಕ್ಕೆ ಎರಡು ಇಂಚಿನ ಗಟ್ಟಿ ಫೋಮ್ ಸಾಕು. ಎತ್ತರ ತಗ್ಗಿಸ್ಲಿಕ್ಕೆ ಬೆಂಚಿನ ಕಾಲು ಕೊಯ್ಯುದು ಮಾತ್ರ ಬೇಡ, ಹಲಸಿನ ಮರದ ಕಾಲು ಒಮ್ಮೆ ಕೊಯ್ದ್ರೆ ಮತ್ತೆ ಬೆಳೆಯುದಿಲ್ಲ.

ಫೋಮ್ ತಗೊಳ್ಳುವಾಗ ಅಂಗಡಿಯಲ್ಲಿ 32 ಡೆನ್ಸಿಟಿ, 40 ಡೆನ್ಸಿಟಿ ಅಂತ ಹೇಳ್ತಾರೆ. ಅದು ಗಟ್ಟಿತನದ ಲೆಕ್ಕ ಅಲ್ಲ, ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗ್ತದೆ ಅಂತ. ಡೆನ್ಸಿಟಿ ಕಮ್ಮಿ ಇದ್ರೆ ಬೇಗ ಗುಂಡಿ ಬೀಳ್ತದೆ. ಇದರಲ್ಲಿ ಒಂದು ಒಳ್ಳೇದುಂಟು, ತಕ್ಕಡಿ ಇದ್ರೆ ಯಾರೂ ನಿಮಗೆ ಟೋಪಿ ಹಾಕ್ಲಿಕ್ಕಾಗುದಿಲ್ಲ. ಆರಡಿ ಉದ್ದ, ಒಂದೂವರೆ ಅಡಿ ಅಗಲ, 3 ಇಂಚು ದಪ್ಪದ ತುಂಡು 40ರದ್ದಾದ್ರೆ ಹತ್ತಿರ ಹತ್ತಿರ ಎರಡೂವರೆ ಕೆಜಿ ಬರ್ಬೇಕು, 32ರದ್ದಾದ್ರೆ ಎರಡು ಕೆಜಿ. ಗಟ್ಟಿಯೋ ಮೆತ್ತಗೋ ಅಂತ ಬೇರೆಯಾಗಿಯೇ ಕೇಳಿ, ಅಲ್ಲೇ ನೆಲದಲ್ಲಿ ಇಟ್ಟು ಕೂತು ನೋಡಿ, ನಾಚಿಕೆ ಬೇಡ.

ಬೆನ್ನಿಗೆ ಫೋಮ್ ಬೇಡ ಅಂತ ನನ್ನ ಅಭಿಪ್ರಾಯ. ಬೂರುಗದ ಹತ್ತಿ ತುಂಬಿದ ದಿಂಬು ಎರಡು ಮಾಡಿಸಿ, ಹಗುರ, ನೀರು ಬೇಗ ಹೀರುದಿಲ್ಲ, ಬಿಸಿಲಿಗೆ ಹಾಕಿ ಬಡಿದ್ರೆ ಮತ್ತೆ ಉಬ್ಬುತ್ತದೆ. ಇದಕ್ಕೆ ಮಲಯಾಳದಲ್ಲಿ ಪಂಞಿ ಅಂತಾರೆ, ನಾನು ಮನೆಗೆ ಬಂದು ‘ಪಂಞಿ ದಿಂಬು ತಂದೆ’ ಅಂದಾಗ ತುಳು ಮಾತಾಡುವ ಪಕ್ಕದ ಮನೆ ಅಜ್ಜಿ ಹೌಹಾರಿದ್ರು, ತುಳುವಿನಲ್ಲಿ ಪಂಜಿ ಅಂದ್ರೆ ಹಂದಿ ಅಲ್ವಾ.

ಈಸಿ ಚೇರಿನ ಬಟ್ಟೆ ಹರಿದಿದ್ರೆ ಗಟ್ಟಿ ಕ್ಯಾನ್ವಾಸ್ ತಂದು ಎರಡೂ ತುದಿ ಮಡಚಿ, ಕೋಲು ಹೋಗುವಷ್ಟು ಜಾಗ ಬಿಟ್ಟು, ನೈಲಾನ್ ದಾರದಲ್ಲಿ ಎರಡು ಸಾಲು ಹೊಲಿಸಿ. ನಾನು ಮಾಡಿದ ತಪ್ಪು ಎಂತ ಅಂದ್ರೆ ಹಳೇ ಬಟ್ಟೆಯನ್ನೇ ಅಳತೆಗೆ ಕೊಟ್ಟದ್ದು. ಅದು ವರ್ಷಗಟ್ಟಲೆ ಎಳೆದು ಎಳೆದು ಉದ್ದ ಆಗಿತ್ತು, ಹೊಸತೂ ಅಷ್ಟೇ ಉದ್ದ ಆಯ್ತು, ವಾರ ಕಳೆಯುವಾಗ ಅದೂ ಜಗ್ಗಿ ಕೂತ್ರೆ ಕುಂಡೆ ಅಡ್ಡಪಟ್ಟಿಗೆ ಬಡೀತಿತ್ತು. ಎರಡು ಮೂರು ಇಂಚು ಗಿಡ್ಡವೇ ಇರ್ಲಿ.

ಮರಕ್ಕೆ ಒರಲೆ ಹಿಡಿಯದ ಹಾಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುದು ನಮ್ಮಲ್ಲಿ ಹಿಂದಿನಿಂದ ಉಂಟು. ಬೆಂಚಿನ ಕಾಲಿನ ಅಡಿಗೆ ಮಾತ್ರ ಹಾಕಿ, ಸೀಟಿಗೆ, ಕೈ ಇಡುವ ಜಾಗಕ್ಕೆ ಬೇಡವೇ ಬೇಡ, ಅದು ತಾಗಿದ್ರೆ ಚರ್ಮ ಸುಟ್ಟು ಬೊಕ್ಕೆ ಬರ್ತದೆ, ಗ್ಲೌಸ್ ಹಾಕ್ಕೊಂಡೇ ಮುಟ್ಟಿ. ಮತ್ತೆ ಬೆಂಚನ್ನು ಗೋಡೆಯಿಂದ ನಾಲ್ಕು ಇಂಚು ದೂರ ಇಡಿ, ಮಳೆಗಾಲದಲ್ಲಿ ಕೆಂಪುಕಲ್ಲಿನ ಗೋಡೆ ನೀರು ಕುಡಿದು ಅದನ್ನು ನಿಮ್ಮ ಕುಶನಿಗೆ ಕೊಡ್ತದೆ.

ಕವರು ಹತ್ತಿಯದ್ದೇ ಆಗ್ಲಿ, ಹಿಂದೆ ಜಿಪ್ ಇರ್ಲಿ. ವೆಲ್ವೆಟ್ ಜೂನಿನಿಂದ ಸೆಪ್ಟೆಂಬರ್ ತನಕ ಒಣಗುದೇ ಇಲ್ಲ, ಬೂಷ್ಟು ಹಿಡಿದು ನಾಯಿ ನೆನೆದ ವಾಸನೆ. ಬಣ್ಣ ಸ್ವಲ್ಪ ಗಾಢ ಇರ್ಲಿ, ಎಲೆ ಅಡಿಕೆ ಹಾಕುವ ನೆಂಟರು ಎಲ್ಲರ ಮನೆಯಲ್ಲೂ ಇದ್ದಾರೆ. ಹಳೇ ಕಾಸರಗೋಡು ಸೀರೆ ಇದ್ರೆ ದಿಂಬಿಗೆ ಚಂದ ಕಾಣ್ತದೆ, ಸೀಟಿಗೆ ಹಾಕಿದ್ರೆ ತಡೀಲಿಕ್ಕಿಲ್ಲ. ಬೂಷ್ಟು ಬಂದ್ರೆ ಹೊರಗೆ ತಂದು ಬ್ರಷ್ ಮಾಡಿ, ಒಳಗೆ ಕೊಡವಿದ್ರೆ ಮನೆಯೆಲ್ಲ ಹಬ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಇದ್ದವರು ಮಳೆ ಬಿಟ್ಟಾಗ ಅದರಡಿಯೇ ಒಣಗಿಸ್ಬಹುದು, ಆದ್ರೆ ಫೋಮನ್ನು ಬರೀ ಬಿಸಿಲಿಗೆ ಹಾಕ್ಬೇಡಿ, ಹಳದಿಯಾಗಿ ಪುಡಿ ಪುಡಿ ಆಗ್ತದೆ, ಮೇಲೆ ಬಟ್ಟೆ ಇರ್ಲಿ.

ಇನ್ನು ಜಾಗ. ಬೆಂಚನ್ನು ಟಿವಿಗೆ ಅಲ್ಲ, ಅಂಗಳಕ್ಕೆ ಮುಖ ಮಾಡಿ ಇಡಿ, ಕೈಗೆ ಸಿಗುವ ಹಾಗೆ ಒಂದು ಸಣ್ಣ ಸ್ಟೂಲು, ಚಾಯದ ಗ್ಲಾಸು ಇಡ್ಲಿಕ್ಕೆ. ಕಣ್ಣಿಗೆ ಕುಕ್ಕುವ ಬಿಳಿ ಟ್ಯೂಬ್‌ಲೈಟಿನ ಬದಲು ಬದಿಯಲ್ಲಿ ಹಳದಿ ಬಲ್ಬು ಒಂದು ಸಾಕು.

ಕವರು ಎರಡು ಸೆಟ್ ಹೊಲಿಸಿ, ಒಂದು ಒಗೆದು ಒಣಗುವಾಗ ಇನ್ನೊಂದು ಹಾಕ್ಲಿಕ್ಕೆ. ಆದ್ರೆ ಮೇ ಕೊನೆಗೆ ಟೈಲರ್ ಹತ್ರ ಹೋಗ್ಬೇಡಿ, ಆಗ ಶಾಲೆಯ ಯೂನಿಫಾರ್ಮ್ ರಾಶಿಯ ಮಧ್ಯೆ ನಿಮ್ಮ ಬಟ್ಟೆ ಓಣಂವರೆಗೆ ಅಲ್ಲೇ ಬಿದ್ದಿರ್ತದೆ, ವಿಷು ಕಳೆದ ಕೂಡ್ಲೇ ಕೊಟ್ಟುಬಿಡಿ.