ಕಾಳುಮೆಣಸಿನ ಏಣಿಯಿಂದ ಪುತ್ತರಿ ಗದ್ದೆಗೆ

2022ರ ಮಾರ್ಚ್. ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ತೋಟದಲ್ಲಿ ಕಾಳುಮೆಣಸಿನ ಕೊಯ್ಲು. ಆ ದಿನ ಆಳುಗಳು ಬಂದಿರಲಿಲ್ಲ. ಒಂದೇ ಬಳ್ಳಿ ಉಳಿದಿದೆಯಲ್ಲ ಅಂತ ನಾನೇ ಸಿಲ್ವರ್ ಓಕ್‌ಗೆ ಏಣಿ ಒರಗಿಸಿ ಹತ್ತಿದೆ. ಇಪ್ಪತ್ತು ಅಡಿ ಎತ್ತರದಲ್ಲಿ ಏಣಿ ಜಾರಿತು, ಕೂತ ಹಾಗೇ ನೆಲಕ್ಕೆ ಬಿದ್ದೆ. ನೋವು ಆಮೇಲೆ ಬಂತು. ಮೊದಲು ಗೊತ್ತಾದದ್ದು ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿಲ್ಲ ಅನ್ನುವುದು.

ಓಡಿ ಬಂದವರು ಕೈಕಾಲು ಹಿಡಿದು ಎತ್ತಲು ನೋಡಿದರು. ಭಾವ ಬೈದು ತಡೆದು, ಬಚ್ಚಲುಮನೆಯ ಬಾಗಿಲನ್ನೇ ಕಿತ್ತು ತಂದರು. ಬೆನ್ನು ಬಾಗದಂತೆ ನಾಲ್ಕು ಜನ ಒಟ್ಟಿಗೆ ಹೊರಳಿಸಿ ಅದರ ಮೇಲೆ ಮಲಗಿಸಿ, ಪಿಕಪ್‌ನಲ್ಲಿ ಮೈಸೂರಿಗೆ ಸಾಗಿಸಿದರು. (ಬಚ್ಚಲಿಗೆ ಎರಡು ವರ್ಷ ಸೀರೆಯೇ ಬಾಗಿಲಾಗಿತ್ತು.)

ಸೊಂಟದ ಮೇಲ್ತುದಿಯ ಬೆನ್ನೆಲುಬು, ಎಲ್‌1 ಅನ್ನುವ ಮೂಳೆ ಒಡೆದು ಚೂರು ಬೆನ್ನುಹುರಿಯನ್ನು ಒತ್ತುತ್ತಿತ್ತು. ಡಾಕ್ಟರು ಗುದದ ಸುತ್ತ ಸೂಜಿ ತಾಗಿಸಿ, ಗೊತ್ತಾಗುತ್ತಾ ಅಂದರು. ಗೊತ್ತಾಗುತ್ತೆ ಅಂದೆ. ಹುರಿ ಪೂರ್ತಿ ಹೋಗಿಲ್ಲ ಅನ್ನುವುದಕ್ಕೆ ಅದೇ ಗುರುತಂತೆ. ಸ್ಕ್ರೂ, ರಾಡ್ ಹಾಕಿದರು. ಎಷ್ಟು ವಾಪಸ್ ಬರುತ್ತದೆ ಅಂತ ಯಾರೂ ಮಾತು ಕೊಡಲಿಲ್ಲ.

ನಾನು ನಡೆದು ಬರುತ್ತೇನೆ ಅಂತ ಅವ್ವ ನನ್ನನ್ನು ಕೇಳದೆಯೇ ಕಕ್ಕಬ್ಬೆಯ ಇಗ್ಗುತ್ತಪ್ಪನಿಗೆ ಹರಕೆ ಹೊತ್ತಿದ್ದರು. ನನಗೆ ಸಿಟ್ಟು ಬಂದಿತ್ತು. ದೇವರು ನರ ಜೋಡಿಸಿದ ಅಂತ ಇವತ್ತಿಗೂ ನಾನು ಹೇಳುವುದಿಲ್ಲ. ಆದರೆ ಬೆನ್ನಿಗೆ ಹುಣ್ಣಾಗಬಾರದು ಅಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಲ್ಲ, ಅವ್ವ ಪ್ರತಿ ಸಲವೂ "ಇಗ್ಗುತ್ತಪ್ಪಾ" ಅಂತಲೇ ಹೊರಳಿಸುತ್ತಿದ್ದರು. ರಾತ್ರಿ ಎರಡಕ್ಕೂ, ನಾಲ್ಕಕ್ಕೂ. ಒಂದು ದಿನವೂ ತಪ್ಪಲಿಲ್ಲ, ಒಂದು ಹುಣ್ಣೂ ಆಗಲಿಲ್ಲ. ನಾನು ಕಂಡ ಭಕ್ತಿ ಅಂದರೆ ಅದು.

ಕಾಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಮೂತ್ರದ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ದಿನವನ್ನು ಆಳಿದ್ದು ಅದೇ. ನಾಲ್ಕರಿಂದ ಆರು ಗಂಟೆಗೊಮ್ಮೆ ಕೈ ತೊಳೆದು, ನಾನೇ ನಳಿಕೆ ಹಾಕಿ ಖಾಲಿ ಮಾಡಿ, ಅಳೆದು ಬರೆದಿಡಬೇಕು. 500 ಮಿ.ಲೀ. ದಾಟಿದರೆ ಮೂತ್ರಕೋಶ ಹಿಗ್ಗುತ್ತದೆ, ಕಿಡ್ನಿಗೂ ಅಪಾಯ. ಆಗಸ್ಟ್ 3ರ ರಾತ್ರಿ ಜಗ್ಗಿಗೆ ಬಿದ್ದದ್ದು ಕೆಂಪು! ಹೆಂಡತಿ ಗಾಬರಿಯಾಗಿ ಮೈಸೂರಿನ ಡಾಕ್ಟರಿಗೆ ಫೋನ್ ಮಾಡಿದಳು, ಅವರು ತಕ್ಷಣ ಕರೆದುಕೊಂಡು ಬನ್ನಿ ಅಂದರು. ಒಳಗಿಂದ ಅವ್ವನ ನಗು. ಅವತ್ತು ಕೊಡವರ ಕಕ್ಕಡ ತಿಂಗಳ ಹದಿನೆಂಟು, ಮದ್ದುಸೊಪ್ಪು ತಿನ್ನುವ ದಿನ. ಮಧ್ಯಾಹ್ನ ಎರಡು ಬಟ್ಟಲು ಅದರ ಪಾಯಸ ತಿಂದಿದ್ದೆ, ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ.

ಅದಕ್ಕೂ ಮೊದಲು ನನ್ನ ತಪ್ಪಿನಿಂದಲೇ ಒಂದು ಅನಾಹುತ ಆಗಿತ್ತು. ಜೂನ್ ಮಳೆಯ ಚಳಿಗೆ ಪಾದದ ಹತ್ತಿರ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದೆ. ಸ್ಪರ್ಶವಿಲ್ಲದ ಹಿಮ್ಮಡಿ ಸುಟ್ಟು ಬೊಬ್ಬೆ ಎದ್ದದ್ದು ಬೆಳಿಗ್ಗೆ ಕಣ್ಣಿಗೆ ಕಂಡಾಗಲೇ ತಿಳಿದದ್ದು. ಗಾಯ ಮಾಯಲು ಆರು ವಾರ. ನಿಲ್ಲುವ ಅಭ್ಯಾಸ ಅಲ್ಲಿಗೇ ನಿಂತಿತು. ಆ ಆರು ವಾರ ನಾನು ಮನೆಯವರ ಮೇಲೆ ರೇಗಿದ್ದನ್ನು ಬರೆಯುವುದು ಬೇಡ.

ಮಳೆ ಬಿಟ್ಟ ಮೇಲೆ ಭಾವ ಕಾಫಿ ಕಣದಲ್ಲಿ ಎರಡು ಸಾಲು ಬಿದಿರು ನೆಟ್ಟು ಹಿಡಿಕೆ ಕಟ್ಟಿದರು. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ಅದರ ನಡುವೆ ಬೆಳಿಗ್ಗೆ ಹತ್ತು ಸುತ್ತು, ಸಂಜೆ ಹತ್ತು. ಮೊದಲು ಬಲ ತೊಡೆಗೆ ಜೀವ ಬಂತು. ಎಡ ಪಾದ ಈಗಲೂ ಜೋತು ಬೀಳುತ್ತದೆ, ಪಟ್ಟಿ ಹಾಕದೆ ನಡೆಯಲಾಗುವುದಿಲ್ಲ. ಹರಕೆ ತೀರಿಸಲು ಕಕ್ಕಬ್ಬೆಗೆ ಹೋದದ್ದು ಮರುವರ್ಷ.

ಬಿದ್ದ ವರ್ಷದ ಪುತ್ತರಿಗೆ, ಅಂದರೆ ನಮ್ಮ ಸುಗ್ಗಿ ಹಬ್ಬಕ್ಕೆ, ಐನ್‌ಮನೆಯ (ಕುಟುಂಬದ ಮೂಲಮನೆ) ಗದ್ದೆವರೆಗೂ ಹೋದೆ. ಬದುವಿನ ಮೇಲೆ ವಾಕರ್ ನಡೆಯದು, ಅಂಚಿನಲ್ಲೇ ನಿಂತೆ. ಬೆಳದಿಂಗಳಲ್ಲಿ ಕೋವಿ ಹಾರಿತು, "ಪೊಲಿ ಪೊಲಿ ದೇವಾ" ಎಂದು ಎಲ್ಲರೂ ಕೂಗಿದರು, ನಾನೂ ಕೂಗಿದೆ. ಮನೆಗೆ ಬಂದು ಕಂಬಕ್ಕೆ, ಬಾಗಿಲಿಗೆ ಕದಿರು ಕಟ್ಟುವಾಗ ಅಕ್ಕನ ಮಗ ಕೈಯಲ್ಲಿ ಉಳಿದಿದ್ದ ಒಂದು ಕದಿರನ್ನು ತಂದು ನನ್ನ ವಾಕರ್‌ಗೆ ಕಟ್ಟಿದ.