ಊರಿಗೆ ಪೊಲೀಸರು ಸಾಲದಿದ್ದರೆ ಲೆಕ್ಕ ಇಟ್ಟು ಕೇಳಿ

ಕೊಪ್ಪಳ ಜಿಲ್ಲೆಯ ಯಾವುದೇ ಪಟ್ಟಣದಿಂದ "ನಮಗೆ ರಕ್ಷಣೆ ಇಲ್ಲ, ಪೊಲೀಸರನ್ನು ಕೊಡಿ" ಎಂದಷ್ಟೇ ಬರೆದುಕೊಟ್ಟರೆ ಆ ಮನವಿ ಮುಂದೆ ಸರಿಯುವುದಿಲ್ಲ. ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ್ದು. ಪುರಸಭೆಗೆ ಅದರ ಮೇಲೆ ಅಧಿಕಾರವಿಲ್ಲ. ಹಾಗಾಗಿ ಅಂಕಿಸಂಖ್ಯೆಯೇ ನಿಮ್ಮ ಬಲ.

ಮೊದಲು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ (ಎಸ್ಪಿ) ಕಚೇರಿಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಒಂದೇ ವಿಷಯ, 150 ಪದದೊಳಗೆ ಇರಲಿ. ಮೀರಿದರೆ ವಾಪಸ್ ಕಳಿಸಲು ಅದೇ ನೆಪವಾಗುತ್ತದೆ. ಕೇಳಬೇಕಾದ್ದು ಮೂರು: ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಬೇರೆಡೆ ನಿಯೋಜನೆ ಮೇಲೆ ಹೋದವರು ಎಷ್ಟು. ಜೀವಾಳ ಇರುವುದು ಮೂರನೆಯದರಲ್ಲಿ. ಕಾಗದದ ಮೇಲೆ ತುಂಬಿದ ಠಾಣೆಯಲ್ಲೂ ರಾತ್ರಿ ಬೀಟಿಗೆ (ಗೊತ್ತುಮಾಡಿದ ಪ್ರದೇಶದ ಗಸ್ತಿಗೆ) ಆಳು ಸಿಗದಿರಬಹುದು. ಗವಿಮಠದ ಜಾತ್ರೆ, ಅಂಜನಾದ್ರಿಯ ಹನುಮಮಾಲೆ ಬಂದೋಬಸ್ತಿನ ತಿಂಗಳು ಬೇರೆ, ಸಾಮಾನ್ಯ ತಿಂಗಳು ಬೇರೆ ಎಂದು ಕೇಳಿ. ವರ್ಷದ ಸರಾಸರಿ ಕೇಳಿದರೆ ಕೊರತೆ ಮುಚ್ಚಿಹೋಗುತ್ತದೆ. ಹೆಸರು, ಪ್ರಕರಣದ ವಿವರ ಬೇಡ, ತಿರಸ್ಕರಿಸಲು ಅದು ದಾರಿಯಾಗುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಇತ್ತ ಊರಿನ ಕಡೆಯ ದಾಖಲೆಯೂ ಬೇಕು. ಏನಾದರೂ ಆದಾಗ ಪರಿಚಯದ ಪೇದೆಯ ಮೊಬೈಲಿಗಲ್ಲ, 112ಕ್ಕೇ ಕರೆ ಮಾಡಿ. ಮೊಬೈಲಿಗೆ ಮಾಡಿದ ಕರೆ ಇಲಾಖೆಯ ಲೆಕ್ಕಕ್ಕೆ ಬರುವುದಿಲ್ಲ. ಕರೆ ಮಾಡಿದ ಹೊತ್ತು, ಗಾಡಿ ಬಂದ ಹೊತ್ತು, ವಾರ್ಡು ಬರೆದಿಡಿ. ಬೈಕು, ಪಂಪ್‌ಸೆಟ್ ಕಳವಾದರೆ ಬಾಯಿಮಾತಿನ ರಾಜಿಗೆ ಒಪ್ಪದೆ ಎಫ್‌ಐಆರ್ ಮಾಡಿಸಿ, ಉಚಿತ ಪ್ರತಿ ಪಡೆಯಿರಿ. ದಾಖಲಾಗದ ಕಳವು ನಡೆದೇ ಇಲ್ಲವೆಂದು ಲೆಕ್ಕ! ಠಾಣೆಯಲ್ಲಿ ನಿರಾಕರಿಸಿದರೆ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಬಹುದು.

ಬೇಡಿಕೆಯಲ್ಲಿ ಹೊಸ ಠಾಣೆಯನ್ನೇ ಮೊದಲು ಬರೆಯಬೇಡಿ. ಅದಕ್ಕೆ ಎಸ್ಪಿ ಪ್ರಸ್ತಾವ ಬಳ್ಳಾರಿ ವಲಯದ ಐಜಿಪಿ, ಡಿಜಿಪಿ ದಾಟಿ ಗೃಹ ಇಲಾಖೆಗೆ ಹೋಗಬೇಕು, ಆರ್ಥಿಕ ಇಲಾಖೆಯೂ ಒಪ್ಪಬೇಕು. ಬೀಟ್ ಮರುಹಂಚಿಕೆ, ರಾತ್ರಿ ಗಸ್ತು, ನಿಯೋಜನೆಯವರ ವಾಪಸಾತಿ ಎಸ್ಪಿ ಮಟ್ಟದಲ್ಲೇ ಆಗುವ ಕೆಲಸ. ಮೊದಲು ಅದನ್ನು ಕೇಳಿ. ಹೊರಠಾಣೆ ಬೇಕೇ ಬೇಕೆಂದರೆ ಪುರಸಭೆಯ ಸಾಮಾನ್ಯ ಸಭೆಯ ನಿರ್ಣಯದ ಜೊತೆ ಜಾಗದ ಉತಾರವನ್ನೂ (ಆಸ್ತಿ ದಾಖಲೆಯ ಪ್ರತಿ) ಲಗತ್ತಿಸಿ. ಜಾಗ ತೋರಿಸದ ನಿರ್ಣಯದಿಂದ ಕೆಲಸವಾಗುವುದು ಕಷ್ಟ.

ಮನವಿಯ ಎರಡನೇ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.